ಚರಸ್ವತ್ತಿನ ಪಟ್ಟಿಯಲ್ಲಿ ‘ಆಗಮ’ದ ಅಂಕಣ: ಒಂದು ಜಾನಪದೀಯ ವಿವೇಚನೆ

1. ಪ್ರಸ್ತಾವನೆ

ಸರ್ಕಾರಕ್ಕೆ ಸೇರಿದ ಚರಸ್ವತ್ತನ್ನು ಎಣಿಸಿ, ಗುರುತಿಸಿ, ವಹಿಯಲ್ಲಿ ನಮೂದಿಸುವ ಕೆಲಸ ಸಾಮಾನ್ಯವಾಗಿ ಆಡಳಿತ ಮತ್ತು ಲೆಕ್ಕಪರಿಶೋಧನೆಯ ವಿಷಯವೆಂದೇ ಪರಿಗಣಿತವಾಗಿದೆ. ಜಾನಪದ ವಿದ್ವಾಂಸರು ದಾಸ್ತಾನು ವಹಿಗಳತ್ತ ಗಮನ ಹರಿಸಿದ್ದು ಕಡಿಮೆ. ಹಾಡು, ಕಥೆ, ಆಚರಣೆಗಳನ್ನು ಸಂಗ್ರಹಿಸಿದ ನಾವು, ಆ ಆಚರಣೆಗಳ ಜೀವವಾಗಿರುವ ವಸ್ತುಗಳು ಸರ್ಕಾರದ ವಶಕ್ಕೆ ಬಂದ ಮೇಲೆ ಯಾವ ಹೆಸರಿನಲ್ಲಿ, ಯಾವ ವರ್ಣನೆಯಲ್ಲಿ ಬದುಕುತ್ತವೆ ಎಂಬುದನ್ನು ಕೇಳಿದವರಲ್ಲ. ಈ ಪ್ರಶ್ನೆ ಪ್ರಸ್ತುತ ಲೇಖಕನಿಗೆ ಎದುರಾದದ್ದು ಗ್ರಂಥಾಲಯದಲ್ಲಲ್ಲ, ಒಂದು ಉಗ್ರಾಣದಲ್ಲಿ.

ಕೆಲವು ವರ್ಷಗಳ ಹಿಂದೆ ಸರ್ಕಾರಿ ಸಂಗ್ರಹವೊಂದರ ಚರ್ಮವಾದ್ಯಗಳನ್ನು ಪರಿಶೀಲಿಸುವ ಅವಕಾಶ ಒದಗಿತ್ತು. ಅಲ್ಲಿನ ವಹಿಯಲ್ಲಿ ಒಂದು ನಮೂದು ಹೀಗಿತ್ತು: ‘ಹಳೆಯ ಚರ್ಮದ ವಾದ್ಯ, ಸಂಖ್ಯೆ 1, ಚರ್ಮ ಹರಿದಿದೆ.’ ಷರಾ ಅಂಕಣದಲ್ಲಿ ‘ನಿರುಪಯುಕ್ತ’ ಎಂದು ಬರೆಯಲಾಗಿತ್ತು. ಉಗ್ರಾಣದಲ್ಲಿ ನೋಡಿದಾಗ ಅದೊಂದು ಡೊಳ್ಳು. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ಒಡಲು. ಅಂಚಿನಲ್ಲಿ ಹಗ್ಗ ಬಿಗಿದು ಬಿಗಿದು ತಲೆಮಾರುಗಳ ಕಾಲ ಸವೆದ ಗುರುತುಗಳು. ಡೊಳ್ಳಿನ ಚರ್ಮ ಹರಿಯುವುದು ಸಹಜ, ಹೊಸದನ್ನು ಹೊದಿಸುವುದೂ ಸಹಜ. ತಂದೆಯಿಂದ ಮಗನಿಗೆ, ಮೇಳದಿಂದ ಮೇಳಕ್ಕೆ ಬರುವುದು ಮರದ ಒಡಲು. ಇದನ್ನು ವಿವರಿಸಿ ಬರೆದುಕೊಟ್ಟದ್ದಾಯಿತು. ಮುಂದಿನ ಭೇಟಿಯ ವೇಳೆಗೆ ಡೊಳ್ಳು ಇತರ ನಿರುಪಯುಕ್ತ ಮರಮುಟ್ಟುಗಳೊಡನೆ ಹರಾಜಾಗಿತ್ತು. ಕಡತ ಕ್ರಮಬದ್ಧವಾಗಿತ್ತು, ಪರಿಶೀಲನೆ ನಡೆದಿತ್ತು, ಸಮಿತಿ ಸೇರಿತ್ತು, ರುಜುಗಳು ಬಿದ್ದಿದ್ದವು. ಯಾವ ನಿಯಮವೂ ಉಲ್ಲಂಘನೆಯಾಗಿರಲಿಲ್ಲ.

ನಿಯಮಗಳೆಲ್ಲ ಪಾಲನೆಯಾಗಿಯೂ ವಸ್ತು ಕಳೆದುಹೋಗುವುದಾದರೆ, ದೋಷವನ್ನು ವ್ಯಕ್ತಿಗಳಲ್ಲಿ ಹುಡುಕುವುದಕ್ಕಿಂತ ಪಟ್ಟಿಯ ಅಂಕಣಗಳಲ್ಲಿ ಹುಡುಕುವುದು ಸೂಕ್ತ. ಪಟ್ಟಿಯು ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ‘ಎಷ್ಟು?’ ಎಂದು ಕೇಳಿದರೆ ಸಂಖ್ಯೆ, ‘ಬೆಲೆಯೇನು?’ ಎಂದರೆ ಮೊತ್ತ. ‘ಇದು ಎಲ್ಲಿಂದ, ಯಾರಿಂದ, ಯಾವ ಕಟ್ಟಳೆಯ ಮೇಲೆ ಬಂತು?’ ಎಂಬ ಪ್ರಶ್ನೆಯನ್ನು ಕೇಳದ ಪಟ್ಟಿಯಲ್ಲಿ ಡೊಳ್ಳು ಹರಿದ ಚರ್ಮವಾಗಿಯೇ ಉಳಿಯುತ್ತದೆ. ಈ ಮೂರನೆಯ ಪ್ರಶ್ನೆಯ ಚರಿತ್ರೆಯನ್ನು ಕೆಲವು ನಿದರ್ಶನಗಳ ಮೂಲಕ ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಕೌಟಿಲ್ಯನ ಏಳು ಅಂಕಣಗಳು

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ವು ರಾಜ್ಯದ ಚರಸ್ವತ್ತಿನ ನಿರ್ವಹಣೆಯನ್ನು ವಿವರವಾಗಿ ಹೇಳುವ ಗ್ರಂಥ. ಅದರ ಎರಡನೆಯ ಅಧಿಕರಣವಾದ ‘ಅಧ್ಯಕ್ಷಪ್ರಚಾರ’ದಲ್ಲಿ ಸನ್ನಿಧಾತನೆಂಬ ಅಧಿಕಾರಿ ಬರುತ್ತಾನೆ. ಕೋಶಗೃಹ, ಪಣ್ಯಗೃಹ, ಕೋಷ್ಠಾಗಾರ, ಕುಪ್ಯಗೃಹ, ಆಯುಧಾಗಾರಗಳು ಅವನ ಹೊಣೆ. ನೂರು ವರ್ಷಗಳ ಆಯದ ಬಗ್ಗೆ ಕೇಳಿದರೂ ತಡವರಿಸದೆ ಹೇಳುವಷ್ಟು ತಿಳಿವಳಿಕೆ ಅವನಿಗಿರಬೇಕು ಎನ್ನುತ್ತದೆ ಗ್ರಂಥ. ಬರಹದ ಲೆಕ್ಕದೊಡನೆ ನೆನಪಿನ ಲೆಕ್ಕವನ್ನೂ ಅದು ನಿರೀಕ್ಷಿಸಿತ್ತು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ನಮ್ಮ ಚರ್ಚೆಗೆ ಇನ್ನೂ ಮುಖ್ಯವಾದುದು ಆಯುಧಾಗಾರಾಧ್ಯಕ್ಷನನ್ನು ಕುರಿತ ಅಧ್ಯಾಯ. ಸಂಗ್ರಹದ ವಸ್ತುಗಳ ಸ್ಥಳವನ್ನು ಆಗಾಗ ಬದಲಿಸಬೇಕು, ಅವಕ್ಕೆ ಬಿಸಿಲು ಗಾಳಿ ತೋರಿಸಬೇಕು, ಬಿಸಿ, ತೇವ, ಕ್ರಿಮಿಗಳಿಂದ ಕೆಡುವಂಥವನ್ನು ಬೇರೆ ರೀತಿಯಲ್ಲಿ ಇರಿಸಬೇಕು ಎಂದು ಹೇಳಿದ ಮೇಲೆ, ಅವುಗಳನ್ನು ಅರಿಯಬೇಕಾದ ಏಳು ಬಗೆಗಳನ್ನು ಅಲ್ಲಿ ಎಣಿಸಲಾಗಿದೆ: ಜಾತಿ, ರೂಪ, ಲಕ್ಷಣ, ಪ್ರಮಾಣ, ಆಗಮ, ಮೂಲ್ಯ ಮತ್ತು ನಿಕ್ಷೇಪ. ಇಂದಿನ ಮಾತಿನಲ್ಲಿ ವರ್ಗ, ಆಕಾರ, ಗುರುತು, ಅಳತೆ, ಬಂದ ಮೂಲ, ಬೆಲೆ, ಇರಿಸಿದ ಜಾಗ. ಇಂದಿನ ದಾಸ್ತಾನು ವಹಿಯನ್ನು ಇದರ ಪಕ್ಕದಲ್ಲಿರಿಸಿ ನೋಡಿದರೆ ಆರು ಅಂಕಣಗಳು ಹೆಚ್ಚುಕಡಿಮೆ ಹಾಗೆಯೇ ಉಳಿದಿವೆ. ಐದನೆಯದಾದ ‘ಆಗಮ’ ಮಾತ್ರ ಬಹುಮಟ್ಟಿಗೆ ಬಿಲ್ಲಿನ ಸಂಖ್ಯೆ, ದಿನಾಂಕ ಮತ್ತು ಸರಬರಾಜುದಾರನ ಹೆಸರಾಗಿ ಕುಗ್ಗಿದೆ. ಖರೀದಿಸಿದ ಕುರ್ಚಿಗೆ ಇಷ್ಟು ಸಾಕು. ಹರಕೆಯಾಗಿ, ಕಾಣಿಕೆಯಾಗಿ, ಜಪ್ತಿಯಾಗಿ ಅಥವಾ ನಂಬಿಕೆಯ ಮೇಲೆ ಬಂದ ವಸ್ತುವಿಗೆ ಇದು ಸಾಲದು.

3. ಕಲ್ಲಿನ ಮೇಲಿನ ಪಟ್ಟಿ

ಆಗಮವನ್ನು ಪೂರ್ಣವಾಗಿ ಬರೆದ ಪಟ್ಟಿಗೆ ದಕ್ಷಿಣ ಭಾರತದಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಶಾಸನಗಳಿಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಚೋಳ ಒಂದನೆಯ ರಾಜರಾಜನು ತನ್ನ 26ನೆಯ ಆಳ್ವಿಕೆಯ ವರ್ಷದಲ್ಲಿ, ಅಂದರೆ ಸುಮಾರು ಕ್ರಿ.ಶ. 1010ರಲ್ಲಿ, ತಾನು, ತನ್ನ ಅಕ್ಕ, ತನ್ನ ರಾಣಿಯರು ಮತ್ತು ಇತರರು ಕೊಟ್ಟದ್ದೆಲ್ಲವನ್ನೂ ವಿಮಾನದ ಕಲ್ಲಿನ ಮೇಲೆ ಕೊರೆಯಬೇಕೆಂದು ಆಜ್ಞಾಪಿಸಿದ. ಚಿನ್ನವನ್ನು ‘ಆಡವಲ್ಲಾನ್’ ಎಂಬ ತೂಕದ ಕಲ್ಲಿನಿಂದ, ರತ್ನಾಭರಣಗಳನ್ನು ‘ದಕ್ಷಿಣಮೇರುವಿಟಂಕನ್’ ಎಂಬ ಕಲ್ಲಿನಿಂದ ತೂಗಲಾಯಿತು. ಎರಡೂ ದೇವರ ಹೆಸರುಗಳೇ. ಮುತ್ತುಗಳನ್ನು ದುಂಡು, ಅರೆದುಂಡು ಎಂದು ಬಗೆಬಗೆಯಾಗಿ ವಿಂಗಡಿಸಿ ಎಣಿಸಲಾಗಿದೆ; ದೋಷವಿರುವ ಮಣಿಗಳ ದೋಷವನ್ನೂ ಮುಚ್ಚಿಡದೆ ನಮೂದಿಸಲಾಗಿದೆ.

ಈ ಪಟ್ಟಿಯ ವಿಶೇಷವಿರುವುದು ಅದು ಬಹಿರಂಗವಾಗಿರುವುದರಲ್ಲಿ. ದೇವಾಲಯಕ್ಕೆ ಬಂದವರ ಕಣ್ಣೆದುರಿಗೇ ದೇವಾಲಯದ ಸ್ವತ್ತಿನ ವಿವರವಿದೆ. ಯಾರು ಕೊಟ್ಟರು ಎಂಬ ಮಾತಿನಿಂದಲೇ ಪ್ರತಿ ಗುಂಪಿನ ನಮೂದು ಆರಂಭವಾಗುತ್ತದೆ. ಅಲ್ಲಿ ಆಗಮವು ಒಂದು ಅಂಕಣವಲ್ಲ, ಪಟ್ಟಿಯ ಶಿರೋನಾಮೆ. ಆಭರಣಗಳಲ್ಲಿ ಬಹುಪಾಲು ಇಂದು ಇಲ್ಲ. ಆದರೆ ಏನಿತ್ತು, ಯಾರಿಂದ ಬಂದಿತ್ತು ಎಂಬುದು ಸಾವಿರ ವರ್ಷಗಳ ಮೇಲೂ ತಿಳಿಯುತ್ತದೆ.

4. ಅಲಮೇಲಮ್ಮನ ಐತಿಹ್ಯ: ಒಂದು ಸ್ವತ್ತಿನ ವಿವಾದ

ಬರಹದ ಪಟ್ಟಿ ಇಲ್ಲದಿರುವಲ್ಲಿ ಅಥವಾ ಅದು ವಿವಾದಕ್ಕೆ ಒಳಗಾದಲ್ಲಿ ಜನಪದ ಸ್ಮೃತಿಯೇ ಪಟ್ಟಿಯಾಗುತ್ತದೆ. ಮೈಸೂರು ಸೀಮೆಯ ಪ್ರಸಿದ್ಧ ಅಲಮೇಲಮ್ಮನ ಐತಿಹ್ಯವನ್ನು ಈ ದೃಷ್ಟಿಯಿಂದ ಓದಬಹುದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲನ ಪತ್ನಿ ಅಲಮೇಲಮ್ಮ ತಲಕಾಡಿನ ಬಳಿಯ ಮಾಲಂಗಿಯಲ್ಲಿ ನೆಲೆಸಿದಳು. ಆಕೆಯ ಬಳಿಯಿದ್ದ ಆಭರಣಗಳು ಮಂಗಳವಾರ, ಶುಕ್ರವಾರಗಳಂದು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರ ಅಲಂಕಾರಕ್ಕೆ ಬರುತ್ತಿದ್ದವೆನ್ನುತ್ತದೆ ಐತಿಹ್ಯ. ಹೊಸ ಆಡಳಿತ ಅವನ್ನು ಒಪ್ಪಿಸುವಂತೆ ಕೇಳಿತು. ಆಕೆ ಮುತ್ತಿನ ಮೂಗುತಿಯೊಂದನ್ನು ಕಳುಹಿಸಿ ಉಳಿದುದನ್ನು ಕೊಡಲೊಪ್ಪದೆ ಕಾವೇರಿಗೆ ಹಾರಿದಳು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಅರಸರಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳು ಎಂಬುದು ಜನಜನಿತ. ಈ ಕಥೆಗೆ ಪಾಠಾಂತರಗಳಿವೆ. ಇದನ್ನು ಚಾರಿತ್ರಿಕ ಘಟನೆಯೆಂದು ಸ್ವೀಕರಿಸುವ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಶಾಪದ ಭಾಗವೇ ಹೆಚ್ಚು ಚರ್ಚಿತವಾಗಿರುವುದರಿಂದ ಕಥೆಯ ನಡುವಿನ ಪ್ರಶ್ನೆ ಮರೆಯಾಗಿದೆ. ಒಡವೆಗಳು ಯಾರವು? ಅವು ಆಕೆಯ ಸ್ತ್ರೀಧನವೇ, ದೇವಿಯ ಸ್ವತ್ತೇ, ಅಥವಾ ಪಟ್ಟಣದೊಡನೆ ಹೊಸ ಅರಸರಿಗೆ ಸಂದ ರಾಜ್ಯದ ಸ್ವತ್ತೇ? ವಾರಕ್ಕೆರಡು ದಿನ ದೇವಿಯ ಮೈಮೇಲಿದ್ದು, ಉಳಿದ ದಿನ ಒಬ್ಬಳ ಪೆಟ್ಟಿಗೆಯಲ್ಲಿರುವ ವಸ್ತುವನ್ನು ಯಾವ ಶೀರ್ಷಿಕೆಯಡಿ ಬರೆಯಬೇಕು? ಐತಿಹ್ಯವು ಬಳಕೆಯ ಹಕ್ಕು ಮತ್ತು ಒಡೆತನದ ಹಕ್ಕು ಒಂದೇ ಅಲ್ಲವೆಂಬುದನ್ನು ಗುರುತಿಸಿದೆ. ಗೆದ್ದ ಆಡಳಿತ ತಯಾರಿಸುವ ಪಟ್ಟಿ ಈ ಭೇದವನ್ನು ಅಳಿಸಿದಾಗ, ಸೋತವರ ಆಕ್ಷೇಪಣೆ ವಹಿಯಲ್ಲಿ ದಾಖಲಾಗದೆ ಶಾಪದ ರೂಪದಲ್ಲಿ ಜನರ ಬಾಯಲ್ಲಿ ದಾಖಲಾಯಿತು. ಆಗಮದ ಅಂಕಣವನ್ನು ಜನಪದರು ಹೀಗೆ ತುಂಬಿದರು ಎಂದು ಹೇಳಬಹುದು.

5. ಹಂಚುವುದಕ್ಕಾಗಿ ಎಣಿಸಿದ ಪಟ್ಟಿ: 1799

ಅದೇ ಶ್ರೀರಂಗಪಟ್ಟಣದಲ್ಲಿ 1799ರ ಮೇ 4ರಂದು ಟಿಪ್ಪು ಸುಲ್ತಾನನ ಮರಣದೊಂದಿಗೆ ಕೋಟೆ ಬಿದ್ದ ಮೇಲೆ ಬೇರೆ ಬಗೆಯ ಎಣಿಕೆ ನಡೆಯಿತು. ಗೆದ್ದ ಸೈನ್ಯದ ಪರವಾಗಿ ನೇಮಕವಾದ ಸಮಿತಿ ಅರಮನೆಯ ಸ್ವತ್ತನ್ನು ಲೆಕ್ಕ ಹಾಕಿ ಬಹುಮಾನದ ಹಣವಾಗಿ ಪರಿವರ್ತಿಸಿತು. ಹಂಚುವುದಕ್ಕಾಗಿ ಮಾಡಿದ ಪಟ್ಟಿಗೆ ಬೆಲೆಯೇ ಮುಖ್ಯ ಅಂಕಣ. ಇದರ ಪರಿಣಾಮವನ್ನು ಟಿಪ್ಪುವಿನ ಸಿಂಹಾಸನದಲ್ಲಿ ಕಾಣಬಹುದು. ಚಿನ್ನದ ತಗಡು ಹೊದಿಸಿದ್ದ ಆ ಸಿಂಹಾಸನವನ್ನು ಇಡಿಯಾಗಿ ಉಳಿಸದೆ ತುಂಡರಿಸಲಾಯಿತು. ದೊಡ್ಡ ಹುಲಿಯ ತಲೆ ಮತ್ತು ಹುಮಾ ಪಕ್ಷಿ ಬ್ರಿಟಿಷ್ ರಾಜಮನೆತನದ ಸಂಗ್ರಹವನ್ನು ಸೇರಿದವು. ಕಟಕಟೆಯನ್ನು ಅಲಂಕರಿಸಿದ್ದ ಚಿಕ್ಕ ಹುಲಿತಲೆಗಳು ಬೇರೆ ಬೇರೆ ಮನೆತನಗಳ ಪಾಲಾದವು. ಅವುಗಳಲ್ಲೊಂದು ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಮತ್ತೊಂದು ದೇಶದಿಂದ ಹೊರಹೋಗದಂತೆ 2021ರಲ್ಲಿ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ರಫ್ತು ತಡೆ ವಿಧಿಸಿತು. ಇನ್ನೂರಿಪ್ಪತ್ತು ವರ್ಷಗಳ ಹಿಂದೆ ಬೆಲೆ ಕಟ್ಟಿ ಹಂಚಿದ ತುಂಡುಗಳ ಆಗಮವನ್ನು ಅಲ್ಲಿನ ವಿದ್ವಾಂಸರು ಈಗ ಹುಡುಕಿ ಜೋಡಿಸಬೇಕಾಗಿದೆ.

ಇದಕ್ಕೆ ಪ್ರತಿಯಾಗಿ ಟಿಪ್ಪುವಿನ ಗ್ರಂಥಭಂಡಾರಕ್ಕೆ ಉತ್ತಮ ಪಟ್ಟಿಯೊಂದು ದೊರೆಯಿತು. ಚಾರ್ಲ್ಸ್ ಸ್ಟೂವರ್ಟ್ ಸಿದ್ಧಪಡಿಸಿದ ವಿವರಣಾತ್ಮಕ ಸೂಚಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಕಟವಾಯಿತು. ಆ ಗ್ರಂಥಗಳಲ್ಲಿ ಬಹಳ ಕಡಿಮೆ ಸಂಖ್ಯೆಯವು ಮಾತ್ರ ಖರೀದಿಯಿಂದ ಬಂದವು. ಉಳಿದವು ಸವಣೂರು, ಕಡಪ ಮತ್ತು ಕರ್ನಾಟಿಕ್ ಪ್ರಾಂತಗಳ ದಂಡಯಾತ್ರೆಗಳಲ್ಲಿ ದೊರೆತವು ಎಂದು ಸ್ಟೂವರ್ಟ್ ಗುರುತಿಸಿದ. ಕೊಳ್ಳೆಯಾಗಿ ಬಂದ ಗ್ರಂಥಗಳು ಮತ್ತೆ ಕೊಳ್ಳೆಯಾಗಿ ಹೋದವೆಂಬ ಕಹಿಸತ್ಯ ನಮಗೆ ತಿಳಿದಿರುವುದು ಆತ ಆಗಮವನ್ನು ಬರೆದಿಟ್ಟುದರಿಂದ. ಒಂದೇ ಕೋಟೆಯಿಂದ ಹೊರಟ ಎರಡು ಸಂಗ್ರಹಗಳಲ್ಲಿ ಒಂದು ತುಂಡಾಯಿತು, ಇನ್ನೊಂದು ಅಭ್ಯಾಸಯೋಗ್ಯವಾಗಿ ಉಳಿಯಿತು. ಪಟ್ಟಿಯ ಉದ್ದೇಶವು ವಸ್ತುವಿನ ಭವಿಷ್ಯವನ್ನು ಹೇಗೆ ನಿರ್ಧರಿಸುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

6. ಪಾರ್ಕಾವಣೆ ಮತ್ತು ಭಂಡಾರ

ಸರ್ಕಾರದ ಪಟ್ಟಿ ಮತ್ತು ಜನರ ನಂಬಿಕೆ ಎರಡೂ ಒಂದೇ ವಸ್ತುವನ್ನು ಕಾಯುವ ಅಪರೂಪದ ಸಂದರ್ಭ ಮೇಲುಕೋಟೆಯ ವೈರಮುಡಿ ಉತ್ಸವ. ಚೆಲುವನಾರಾಯಣಸ್ವಾಮಿಯ ವೈರಮುಡಿ ಕಿರೀಟ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ರಾಜ ಒಡೆಯರು ಅರ್ಪಿಸಿದ ರಾಜಮುಡಿಯೂ ಅದರೊಡನೆ ಬರುತ್ತದೆ. ಉತ್ಸವದ ದಿನ ಅಧಿಕಾರಿಗಳ ಸಮ್ಮುಖದಲ್ಲಿ ಖಜಾನೆಯಿಂದ ಹೊರತೆಗೆದು, ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಒಯ್ಯಲಾಗುತ್ತದೆ. ದಾರಿಯ ಹಳ್ಳಿಗಳ ಜನ ತೋರಣ ಕಟ್ಟಿ, ಪೆಟ್ಟಿಗೆಗೆ ಪೂಜೆ ಸಲ್ಲಿಸುತ್ತಾರೆ. ಮೇಲುಕೋಟೆಯಲ್ಲಿ ಆಭರಣಗಳನ್ನು ಪಟ್ಟಿಯೊಡನೆ ತಾಳೆ ನೋಡಿ ಒಪ್ಪಿಸಿಕೊಳ್ಳುವ ಕಾರ್ಯಕ್ಕೆ ‘ಪಾರ್ಕಾವಣೆ’ ಎಂದು ಹೆಸರು.

ಗರುಡನು ತಂದುಕೊಟ್ಟನೆಂಬ ಐತಿಹ್ಯವಿರುವ ವೈರಮುಡಿಯನ್ನು ಹಗಲಿನಲ್ಲಿ, ಬರಿಗಣ್ಣಿನಿಂದ ನೋಡಬಾರದೆಂಬ ನಂಬಿಕೆಯಿದೆ. ದಾಸ್ತಾನು ಪರಿಶೀಲನೆಗೆ ಕಣ್ಣೇ ಪ್ರಮಾಣ. ಇಲ್ಲಿಯ ನಂಬಿಕೆಗೆ ಕಾಣದಿರುವುದೇ ಮರ್ಯಾದೆ. ಪರಸ್ಪರ ವಿರುದ್ಧವಾದ ಈ ಎರಡು ಕಟ್ಟಳೆಗಳು ಜಗಳವಾಡದೆ ವರ್ಷ ವರ್ಷವೂ ಒಂದೇ ಉತ್ಸವದಲ್ಲಿ ನಡೆದುಬಂದಿವೆ. ಖಜಾನೆಯ ಬೀಗ ಒಂದು ಕಾವಲಾದರೆ, ದಾರಿಯುದ್ದಕ್ಕೂ ಕಾದು ನಿಲ್ಲುವ ಜನರ ಕಣ್ಣು ಇನ್ನೊಂದು ಕಾವಲು.

ತುಳುನಾಡಿನ ದೈವಗಳ ‘ಭಂಡಾರ’ದಲ್ಲಿಯೂ ಇದೇ ತತ್ತ್ವವನ್ನು ಗುರುತಿಸಬಹುದು. ದೈವದ ಮೊಗ, ಕಡ್ತಲೆ, ಮಣಿ, ಚಾಮರ ಮೊದಲಾದವು ವರ್ಷದ ಬಹುಕಾಲ ಭಂಡಾರದ ಮನೆಯಲ್ಲಿರುತ್ತವೆ. ನೇಮದ ಸಂದರ್ಭದಲ್ಲಿ ಮೆರವಣಿಗೆಯಾಗಿ ಹೊರಟು, ಊರವರ ಎದುರಿನಲ್ಲಿ ಬಳಕೆಯಾಗಿ, ಮತ್ತೆ ಮೆರವಣಿಗೆಯಲ್ಲೇ ಮನೆ ಸೇರುತ್ತವೆ. ಯಾವುದನ್ನು ಯಾರು ಹೊರಬೇಕು, ಯಾರು ಯಾರ ಕೈಗೆ ಕೊಡಬೇಕು ಎಂಬುದು ಕಟ್ಟಳೆಯಿಂದ ನಿಶ್ಚಿತ. ಹೀಗಾಗಿ ಒಂದು ವಸ್ತು ಕಾಣೆಯಾದರೆ ಆ ವಸ್ತುವಿನ ಹೊಣೆ ಹೊತ್ತ ಕೈ ಖಾಲಿಯಾಗಿ ಕಾಣುತ್ತದೆ. ವಾರ್ಷಿಕ ಭೌತಿಕ ಪರಿಶೀಲನೆ ಎಂದು ನಿಯಮಗಳು ಕರೆಯುವ ಕಾರ್ಯವನ್ನು ಇಲ್ಲಿ ಆಚರಣೆಯೇ ನೆರವೇರಿಸುತ್ತದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಮರದ ಮೂರ್ತಿಗಳಲ್ಲಿ ಕೆಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಊರಿನಲ್ಲಿ ಹೊಸ ಮೂರ್ತಿಗಳು ಅವೇ ಹೆಸರಿನಿಂದ ಆರಾಧನೆಗೊಳ್ಳುತ್ತಿವೆ. ಮರ ಸಂಗ್ರಹಾಲಯಕ್ಕೆ ಬಂದರೂ ಆಗಮ ಊರಿನಲ್ಲೇ ಉಳಿದಿದೆ. ಎರಡನ್ನೂ ಜೋಡಿಸಿ ಬರೆದಾಗ ಮಾತ್ರ ನಮೂದು ಪೂರ್ಣವಾಗುತ್ತದೆ.

7. ಇಂದಿನ ನಿಯಮಗಳ ಇತಿಮಿತಿ

ನಮ್ಮ ದಾಸ್ತಾನು ಪದ್ಧತಿಯ ಪದಕೋಶವೇ ಅದರ ಚರಿತ್ರೆಯನ್ನು ಹೇಳುತ್ತದೆ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಮಸಿ ಬಳಿದು, ಬಳಪದಿಂದ ಬರೆದು ಮಡಿಸಿಡುತ್ತಿದ್ದ ‘ಕಡತ’ ದೇಶೀಯ. ದಾಸ್ತಾನು, ಖಜಾನೆ, ಷರಾ, ಜಪ್ತಿ ಮೊದಲಾದವು ಪರ್ಷಿಯನ್, ಅರಬ್ಬಿ ಮೂಲಗಳಿಂದ ಆಡಳಿತದೊಡನೆ ಬಂದವು. ರಿಜಿಸ್ಟರ್, ಸ್ಟಾಕ್, ಆಡಿಟ್‌ಗಳು ಇಂಗ್ಲಿಷರ ಕಾಲದವು. ಕಚೇರಿ, ಶಾಲೆಗಳಲ್ಲಿ ಪೀಠೋಪಕರಣಗಳ ವಹಿಯನ್ನು ‘ಡೆಡ್ ಸ್ಟಾಕ್ ರಿಜಿಸ್ಟರ್’ ಎಂದು ಕರೆಯುವ ರೂಢಿಯಿದೆ. ಬಳಕೆಯಿಂದ ಮುಗಿದುಹೋಗದ ಸ್ವತ್ತು ಎಂಬ ಅರ್ಥದ ಈ ಮಾತು ಅಕ್ಷರಶಃ ‘ಸತ್ತ ದಾಸ್ತಾನು’. ದೇವರ ಮುಖವಾಡವೊಂದು ಈ ವಹಿಗೆ ಸೇರುವಾಗ ಆಗುವ ಅರ್ಥಪಲ್ಲಟವನ್ನು ವಿವರಿಸಬೇಕಾಗಿಲ್ಲ.

1958ರ ಕರ್ನಾಟಕ ಆರ್ಥಿಕ ಸಂಹಿತೆಯು ಸರ್ಕಾರಿ ದಾಸ್ತಾನಿನ ಲೆಕ್ಕ ಮತ್ತು ಪರಿಶೀಲನೆಯನ್ನು ಕಡ್ಡಾಯಗೊಳಿಸಿದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸ್ಥಿರೋಪಕರಣಗಳನ್ನು ವರ್ಷಕ್ಕೊಮ್ಮೆಯಾದರೂ ಭೌತಿಕವಾಗಿ ಪರಿಶೀಲಿಸಬೇಕೆನ್ನುತ್ತವೆ; ಯಂತ್ರೋಪಕರಣ ಮತ್ತು ಪೀಠೋಪಕರಣಗಳಿಗೆ ಒಂದು ನಮೂನೆ, ಬಳಸಿ ಮುಗಿಯುವ ವಸ್ತುಗಳಿಗೆ ಒಂದು, ಗ್ರಂಥಗಳಿಗೆ ಒಂದು, ಚಾರಿತ್ರಿಕ ಅಥವಾ ಕಲಾತ್ಮಕ ಮೌಲ್ಯದ ಸ್ವತ್ತುಗಳಿಗೆ ಪ್ರತ್ಯೇಕವಾಗಿ 24ನೆಯ ನಮೂನೆ ಎಂದು ವಿಂಗಡಿಸಿವೆ. ಈ ವಿಂಗಡಣೆ ಸ್ವಾಗತಾರ್ಹ. ಆದರೆ ವಸ್ತು ಬಾಗಿಲಲ್ಲಿ ಬಂದ ದಿನ ಅದು ಯಾವ ನಮೂನೆಗೆ ಸೇರಬೇಕೆಂದು ನಿರ್ಧರಿಸುವವರು ಯಾರು ಎಂಬುದೇ ಪ್ರಶ್ನೆ. ತಮಟೆ, ಡೊಳ್ಳು, ಗೊಂಬೆಗಳು ಕಾರ್ಯಕ್ರಮದ ಸಾಮಗ್ರಿಯಾಗಿ ಬಂದಾಗ ಉಪಕರಣದ ವಹಿಯನ್ನೋ ಬಳಸಿ ಮುಗಿಯುವ ವಸ್ತುಗಳ ವಹಿಯನ್ನೋ ಸೇರುವುದೇ ಹೆಚ್ಚು. ಅಲ್ಲಿಂದ ಹರಾಜಿಗೆ ದಾರಿ ಹತ್ತಿರ.

1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯಿದೆಯೂ ಇಲ್ಲಿ ಪೂರ್ಣ ರಕ್ಷಣೆ ಕೊಡಲಾರದು. ಸಾಮಾನ್ಯವಾಗಿ 100 ವರ್ಷ, ಹಸ್ತಪ್ರತಿಗಳಾದರೆ 75 ವರ್ಷ ಕಳೆದಿರಬೇಕೆಂಬುದು ಅದರ ಮಾನದಂಡ. ಜನಪದ ವಸ್ತುವಿನ ಸ್ವಭಾವವೇ ನವೀಕರಣ. ಸೋಮನ ಮುಖಕ್ಕೆ ಬಣ್ಣ ಮತ್ತೆ ಮತ್ತೆ ಬಳಿಯಲಾಗುತ್ತದೆ, ವಾದ್ಯಕ್ಕೆ ಚರ್ಮ ಬದಲಾಗುತ್ತದೆ, ತೊಗಲುಗೊಂಬೆ ಹರಿದರೆ ಅದೇ ಮಾದರಿಯಲ್ಲಿ ಇನ್ನೊಂದನ್ನು ಕತ್ತರಿಸಲಾಗುತ್ತದೆ. ಪರಂಪರೆ ಹಳೆಯದು, ವಸ್ತು ಹೊಸದು. ವಯಸ್ಸನ್ನೇ ನೋಡುವ ಕಾಯಿದೆಗೆ ಅದು ಪ್ರಾಚೀನವಲ್ಲ. ಸ್ಥಿತಿಯನ್ನೇ ನೋಡುವ ವಹಿಗೆ ಅದು ಉಪಯುಕ್ತವೂ ಅಲ್ಲ.

8. ಸಮಾರೋಪ

1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾದಾಗ ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಹಳ್ಳಿ ಸುತ್ತಿ ಸಂಗ್ರಹಿಸಿದ್ದು ವಸ್ತುಗಳನ್ನಷ್ಟೇ ಅಲ್ಲ, ಅವುಗಳ ಹಿಂದಿನ ತಿಳಿವಳಿಕೆಯನ್ನೂ. ಆ ಪೀಳಿಗೆಯ ನೆನಪಿನಲ್ಲಿ ಆಗಮದ ಅಂಕಣ ತುಂಬಿತ್ತು. ಪೀಳಿಗೆ ಸರಿದಂತೆ, ಬರೆದಿಡದ ಆಗಮವೂ ಸರಿದುಹೋಗುತ್ತದೆ. ಸನ್ನಿಧಾತನ ನೂರು ವರ್ಷದ ನೆನಪನ್ನು ಇಂದಿನ ವರ್ಗಾವಣೆಯ ನೌಕರಿಯಲ್ಲಿ ಯಾರಿಂದಲೂ ನಿರೀಕ್ಷಿಸಲಾಗದು.

ಆದ್ದರಿಂದ ಮೂರು ಸಲಹೆಗಳನ್ನು ವಿದ್ವಾಂಸರ ಪರಿಶೀಲನೆಗೆ ಮಂಡಿಸಲಾಗಿದೆ. ಮೊದಲನೆಯದು, ಸರ್ಕಾರದ ಹಾಗೂ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳ ವಶದಲ್ಲಿರುವ ಜನಪದ ವಸ್ತುಗಳಿಗೆ ದಾಸ್ತಾನು ವಹಿಯಲ್ಲಿ ಆಗಮದ ಅಂಕಣವನ್ನು ಮತ್ತೆ ಸೇರಿಸುವುದು: ಊರಿನ ಹೆಸರು, ಸ್ಥಳೀಯ ಹೆಸರು, ಮಾಡಿದವರು, ಕೊಟ್ಟವರು, ಕೊಟ್ಟ ಕಾರಣ, ಯಾವ ಭಾಗ ಬದಲಾಗುವಂಥದು, ಯಾವುದು ಬದಲಾಗದ್ದು. ಎರಡನೆಯದು, ‘ನಿರುಪಯುಕ್ತ’ ಎಂದು ಬರೆಯುವ ಮುನ್ನ ಆ ವಸ್ತುವನ್ನು ಬಳಸಬಲ್ಲ ಒಬ್ಬ ಕಲಾವಿದರ ಅಭಿಪ್ರಾಯವನ್ನು ರುಜುವಿನೊಡನೆ ಪಡೆಯುವುದು. ಮೂರನೆಯದು, ವಾರ್ಷಿಕ ಪರಿಶೀಲನೆಯನ್ನು ಪಾರ್ಕಾವಣೆಯ ಮಾದರಿಯಲ್ಲಿ, ವಸ್ತುವನ್ನು ಕೊಟ್ಟ ಊರಿನವರ ಅಥವಾ ಮೇಳದವರ ಸಮ್ಮುಖದಲ್ಲಿ ನಡೆಸುವುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ವೆಚ್ಚ ಬೇಕಾಗದು.

ಪ್ರಸ್ತಾವನೆಯಲ್ಲಿ ಹೇಳಿದ ಡೊಳ್ಳು ಮರಳಿ ಬರಲಾರದು. ಅದರ ನಮೂದನ್ನು ಹೀಗೆ ಬರೆಯಬಹುದಿತ್ತು: ‘ಡೊಳ್ಳು, ಒಂದೇ ಮರದ ಒಡಲು, ಒಡಲು ಗಟ್ಟಿಯಾಗಿದೆ, ಚರ್ಮ ಹರಿದಿದೆ, ಹೊದಿಸಬಹುದು.’ ಇಷ್ಟು ಬರೆಯಲು ವಹಿಯಲ್ಲಿ ಒಂದೂವರೆ ಸಾಲಿನ ಜಾಗ ಸಾಕಾಗುತ್ತಿತ್ತು.